ಸುತ್ತಿಗೆಯ ಸದ್ದನ್ನು ಗದ್ದಲವೆಂದು ಬರೆದುಕೊಂಡ ಅಧಿಕಾರಿಗಳಿಗೆ

ಮಾನ್ಯರೇ,

ನನ್ನ ತಂದೆ ಇಪ್ಪತ್ಮೂರು ದಿನ ತನ್ನ ಕಿವಿ ಹೋಯಿತೆಂದು ನಂಬಿಕೊಂಡು ಕೂತಿದ್ದರು. ಅವರ ಕಿವಿಗೆ ಏನೂ ಆಗಿರಲಿಲ್ಲ. ಆಗಿದ್ದು ಇಷ್ಟೇ: ‘ಓಗೊಡು’ ಎಂಬ ಇಂಟರ್ನೆಟ್ ಕರೆ ಸೇವೆಯನ್ನು ಒಂದು ದೈತ್ಯ ಕಂಪನಿ ಕೊಂಡುಕೊಂಡಿತು. ಅಂಥ ಕೊಳ್ಳುವಿಕೆಗಳಿಗೆ ಒಪ್ಪಿಗೆ ಕೊಡುವ ಕಚೇರಿಯ ಮುಖ್ಯಸ್ಥರಾದ ತಾವು ಅದಕ್ಕೆ ಒಪ್ಪಿಗೆ ಕೊಟ್ಟಿರಿ. ಸಾಲದ್ದಕ್ಕೆ, ಸಾರ್ವಜನಿಕರು ಇದನ್ನು ಸ್ವಾಗತಿಸಿದ್ದಾರೆ ಎಂದು ಆದೇಶದಲ್ಲಿ ಬರೆದಿರಿ. ಆ ಸಾರ್ವಜನಿಕರಲ್ಲಿ ನಾನೂ ಒಬ್ಬಳು, ನನ್ನ ತಂದೆಯೂ ಒಬ್ಬರು. ನಾವು ಸ್ವಾಗತಿಸಿಲ್ಲ. ನಮ್ಮ ಹೆಸರಿನಲ್ಲಿ ಸ್ವಾಗತ ಮಾಡಲು ತಮಗೆ ಯಾರು ಹೇಳಿದರು ಎಂದು ಕೇಳುವುದಕ್ಕೆ ಈ ಪತ್ರ.

ತಮ್ಮ ಆದೇಶ ನಲವತ್ತೊಂದು ಪುಟದ್ದು, ಇಂಗ್ಲಿಷಿನಲ್ಲಿದೆ. ಅದರ ಮೂವತ್ತೆರಡನೇ ಪುಟದ ಒಂದು ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಸೇವೆಯನ್ನು ಮೊದಲು ಪ್ರಯೋಗಕ್ಕೆ ಬಿಟ್ಟ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಪ್ರತಿಕ್ರಿಯೆ ನೀಡಿದವರ ಪೈಕಿ ಶೇಕಡ ತೊಂಬತ್ತೇಳು ಮಂದಿ ಅನುಕೂಲಕರ ಭಾವನೆ ವ್ಯಕ್ತಪಡಿಸಿದ್ದಾರೆ.’ ತೊಂಬತ್ತೇಳು ಎಂದರೆ ಸಾಮಾನ್ಯದ ಮಾತಲ್ಲ. ನಮ್ಮ ನಾಲ್ಕು ತಾಲ್ಲೂಕಿನವರು ನಾಲೆಗೆ ಯಾವತ್ತು ನೀರು ಬಿಡಬೇಕು ಎಂಬ ವಿಷಯದಲ್ಲಿ ಕೂಡ ಹೀಗೆ ಒಂದಾದವರಲ್ಲ. ಇಷ್ಟು ದೊಡ್ಡ ಒಮ್ಮತ ಎಲ್ಲಿಂದ ಬಂತು ಎಂದು ತಮಗೆ ಒಂದು ಗಳಿಗೆಯಾದರೂ ಅನುಮಾನ ಬರಲಿಲ್ಲವೇ?

ಎಲ್ಲಿಂದ ಬಂತೆಂದು ನಾನು ಹೇಳುತ್ತೇನೆ. ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ಕನ್ನಡದಲ್ಲಿ ಒಂದು ಸಂದೇಶ ಬಂತು: ‘ನಿಮ್ಮ ಪ್ರೀತಿಯ ಓಗೊಡು ಒಂದು ದೊಡ್ಡ ಸಂಸ್ಥೆಯ ಭಾಗವಾಗುತ್ತಿದೆ. ನಿಮಗೆ ಏನನ್ನಿಸಿತು?’ ಕೆಳಗೆ ಒತ್ತಲು ನಾಲ್ಕು ಚಿತ್ರಗಳು. ಮುಗಿದ ಕೈ, ಎತ್ತಿದ ಹೆಬ್ಬೆಟ್ಟು, ಒಂದು ಹೃದಯ, ಒಂದು ಸಿಟ್ಟಿನ ಮುಖ. ನಮ್ಮ ಜನ ಮುಗಿದ ಕೈಯನ್ನು ಒತ್ತಿದರು. ತಾವು ಅದನ್ನು ಒಪ್ಪಿಗೆ ಎಂದು ಎಣಿಸಿದಿರಿ.

ಮಾನ್ಯರೇ, ನಮ್ಮ ಕಡೆ ಫೋನಿಗೆ ಏನೇ ಬರಲಿ, ಕೈ ಮುಗಿಯುತ್ತೇವೆ. ಶುಭೋದಯ ಎಂದರೆ ಕೈ ಮುಗಿಯುತ್ತೇವೆ, ಇಂಥವರು ತೀರಿಕೊಂಡರು ಎಂದರೂ ಅದೇ ಕೈ. ನಾಳೆ ಡೈರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ ಎಂದರೂ, ದಿನವಿಡೀ ಕರೆಂಟು ಇರುವುದಿಲ್ಲ ಎಂದರೂ ಅಷ್ಟೇ. ‘ನೀವು ಹೇಳಿದ್ದು ತಲುಪಿತು’ ಎಂಬುದರಾಚೆಗೆ ಅದಕ್ಕೆ ಅರ್ಥವಿಲ್ಲ. ಏನೂ ಒತ್ತದೆ ಸುಮ್ಮನಿದ್ದರೆ ಮನೆಗೆ ಬಂದವರನ್ನು ಮಾತಾಡಿಸದೆ ಕಳಿಸಿದಷ್ಟು ಅವಮರ್ಯಾದೆ.

ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಓಗೊಡು ಬಂದ ಹೊಸತರಲ್ಲಿ ಊರಿನ ಹಿರಿಯರಿಗೆ ಅದನ್ನು ಕಲಿಸಿದವರಲ್ಲಿ ನಾನೂ ಇದ್ದೆ. ನನ್ನ ತಂದೆಯ ಸ್ನೇಹಿತರು ಜವರಯ್ಯ ಅಂತ, ಕೆ.ಆರ್. ಪೇಟೆ ಹತ್ತಿರದ ರೈತರು. ಅವರು ಒಮ್ಮೆ ಕರೆಂಟು ಹೋಗುವ ಸಂದೇಶಕ್ಕೆ ಸಿಟ್ಟಿನ ಮುಖ ಒತ್ತಿ, ಅದನ್ನು ಕಳಿಸಿದ ಲೈನ್‌ಮನ್ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಆಗ ನಾನೇ ಹೇಳಿದ್ದೆ, ‘ಏನು ಬಂದ್ರೂ ಕೈ ಮುಗಿದುಬಿಡಿ ದೊಡ್ಡಪ್ಪ, ಮಾತು ಬೆಳೆಯೋದಿಲ್ಲ’ ಎಂದು. ತಮ್ಮ ಆದೇಶ ಹೊರಬಿದ್ದ ಮೇಲೆ ಅವರನ್ನು ಕೇಳಿದೆ, ಕಂಪನಿ ಕೈ ಬದಲಾಗಿದ್ದು ನಿಮಗೆ ಸಂತೋಷವೇ ಎಂದು.

‘ಸಂತೋಸ ಅಂತ ಯಾರವ್ವ ಏಳುದ್ರು? ಒಬ್ರು ಬಂದು ಇಂಗಾಯ್ತು ಕಣಪ್ಪ ಅಂದಾಗ ಕೈ ಮುಗೀದೆ ಮಕ ತಿರುಗಿಸ್ಕಂಡು ಓಗಕ್ಕಾದದಾ? ಮಾರ್ಕೊಳ್ಳೋರು ಅವ್ರು, ಕೊಂಡ್ಕೊಳ್ಳೋರು ಅವ್ರು. ನಮ್ಮನ್ನ ಕೇಳಿ ಮಾರುದ್ರಾ?’ ಎಂದರು.

ನಲವತ್ತೊಂದು ಪುಟದಲ್ಲಿ ಇಲ್ಲದ ಪ್ರಶ್ನೆ ಅದು. ನಮ್ಮ ಮರ್ಯಾದೆಯನ್ನು ತಾವು ಮತ ಎಂದು ಲೆಕ್ಕ ಹಾಕಿದಿರಿ. ತವರಿಗೆ ಹೋಗಿದ್ದಾಗ ನನ್ನ ತಂದೆಯ ಫೋನಿನಲ್ಲಿ ಆ ಕೈ ಒತ್ತಿದ್ದೂ ನಾನೇ. ಅವರಿಗೆ ಕಣ್ಣು ಕಾಣುವುದಿಲ್ಲ.

ಈಗ ಅವರ ವಿಷಯಕ್ಕೆ ಬರುತ್ತೇನೆ. ನನ್ನ ತಂದೆ ಪುಟ್ಟಸ್ವಾಮಿ, ಕಿಕ್ಕೇರಿಯ ಕಮ್ಮಾರರು. ಐವತ್ತು ವರ್ಷ ಕುಲುಮೆಯ ಬೆಂಕಿ ನೋಡಿದ ಕಣ್ಣಿಗೆ ಸಕ್ಕರೆ ಕಾಯಿಲೆಯೂ ಸೇರಿ, ಆರು ವರ್ಷದ ಹಿಂದೆ ಪೂರ್ತಿ ಕತ್ತಲಾಯಿತು. ಅವರು ನನ್ನ ತಮ್ಮ ಅರುಣನ ಮನೆಯಲ್ಲಿದ್ದಾರೆ. ಅವನಿಗೆ ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಕೆಲಸ. ಕುಲುಮೆಯ ಕೆಲಸಕ್ಕೆ ಬಂದದ್ದು ನಾನು. ನಾಗಮಂಗಲಕ್ಕೆ ಮದುವೆಯಾಗಿ ಬಂದಾಗ ನನ್ನ ಮಾವನವರ ಕುಲುಮೆ ಹೆಚ್ಚುಕಡಿಮೆ ಮುಚ್ಚಿತ್ತು. ಗಂಡ ಬಡಗಿ, ಅವರಿಗೆ ಮರದ ಕೆಲಸವೇ ಕೈತುಂಬ. ನಾನು ತಿದಿ ಒತ್ತಿ ಬೆಂಕಿ ಎಬ್ಬಿಸಿದಾಗ ಬೀದಿಯವರು ನಕ್ಕರು. ಈಗ ಅವರೇ ಕುಡುಗೋಲು ತಂದು ಸಾಲಾಗಿ ಇಟ್ಟು ಹೋಗುತ್ತಾರೆ.

ನಗುವುದನ್ನು ಅವರು ಬಿಟ್ಟದ್ದು ನನ್ನ ಕೈಚಳಕ ನೋಡಿ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ನಿಜ ಬೇರೆ. ಕಾಯಿಸಿ ಬಡಿದು ನೀರಿಗೆ ಅದ್ದಿದ ಕಬ್ಬಿಣದ ಹದ ಸರಿಯಾಗಿದೆಯೋ ಇಲ್ಲವೋ ಎಂಬುದು ಅದರ ಸದ್ದಿನಲ್ಲಿದೆ. ಒಳಗೆ ಕೂದಲೆಳೆಯ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯ ಏಟು ಹೊರುವ ಅಡಿಗಲ್ಲಿನ ಮೇಲೆ ತಟ್ಟಿದಾಗ ಸದ್ದು ಪೂರ್ತಿ ಎದ್ದು ನಿಲ್ಲದೆ ಮಧ್ಯದಲ್ಲೇ ಕುಸಿಯುತ್ತದೆ. ನನ್ನ ಕಿವಿಗೆ ಅದು ಹತ್ತರಲ್ಲಿ ಆರು ಸಲ ಸಿಗುತ್ತದೆ, ಅಪ್ಪನ ಕಿವಿಗೆ ಹತ್ತಕ್ಕೆ ಹತ್ತೂ. ಆದ್ದರಿಂದ ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವು. ಬೆಳಿಗ್ಗೆ ಒಂಬತ್ತಕ್ಕೆ ನಾನು ಓಗೊಡು ತೆರೆದು ಫೋನನ್ನು ಅಡಿಗಲ್ಲಿನ ಪಕ್ಕದ ಗೂಡಿನಲ್ಲಿ ಇಡುತ್ತಿದ್ದೆ. ಅಲ್ಲಿ ಕಿಕ್ಕೇರಿಯ ಜಗಲಿಯಲ್ಲಿ ಅಪ್ಪ ಫೋನು ಕಿವಿಗೆ ಹಿಡಿದು ಕೂರುತ್ತಿದ್ದರು. ಆ ಸೇವೆಯಲ್ಲಿ ಪರದೆಯ ತುಂಬ ಒಂದೇ ಗುಂಡಿ, ಕಣ್ಣಿಲ್ಲದವರೂ ಒತ್ತಬಹುದಿತ್ತು. ಇಲ್ಲಿಯ ಸದ್ದು ಇದ್ದಹಾಗೆ ಅಲ್ಲಿಗೆ ಹೋಗುತ್ತಿತ್ತು. ಮಾಮೂಲಿ ಫೋನಿನಲ್ಲಿ ಸುತ್ತಿಗೆಯ ಏಟು ತಗಡಿನ ಡಬ್ಬಿ ಬಡಿದಂತೆ ಕೇಳುತ್ತದೆ, ಅದನ್ನು ಮೊದಲೇ ನೋಡಿ ಬಿಟ್ಟಿದ್ದೆವು.

‘ಇದಾಯ್ತು, ಮುಂದಿಂದು ತಟ್ಟವ್ವ’ ಎನ್ನುವರು. ‘ಇದು ಬ್ಯಾಡ, ಇನ್ನೊಂದ್ಸಲ ಕಾಯ್ಸು’ ಎನ್ನುವರು. ಕುಡುಗೋಲು ಒಯ್ಯಲು ಬಂದವರು ಬೇಕೆಂದೇ ಆ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ಅಪ್ಪ ಕೇಳದ ಹತಾರವನ್ನು ಅವರು ಮುಟ್ಟುತ್ತಿರಲಿಲ್ಲ. ಐದು ವರ್ಷ ನನ್ನ ತಂದೆ ನಲವತ್ತು ಕಿಲೋಮೀಟರು ದೂರದ ಕುಲುಮೆಯಲ್ಲಿ ದಿನಾ ಕೆಲಸ ಮಾಡಿದರು. ಕಣ್ಣು ಹೋದ ಮೇಲೆ ಮನುಷ್ಯನಿಗೆ ತಾನು ಬೇಕಾದವನು ಎಂದು ಅನ್ನಿಸುವುದು ಎಂಥದ್ದೆಂದು ಹೇಳಲು ನನಗೆ ಬರುವುದಿಲ್ಲ. ಅವರು ಎಂಟೂವರೆಗೇ ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಜಗಲಿಗೆ ಬಂದು ಕೂರುತ್ತಿದ್ದರಂತೆ.

ತಾವು ಒಪ್ಪಿಗೆ ಕೊಟ್ಟ ಮೇಲೆ ಹೊಸ ಮಾಲೀಕರು ಸೇವೆಯನ್ನು ‘ಸುಧಾರಿಸಿದರು’. ಕರೆಯಲ್ಲಿ ಮನುಷ್ಯರ ಮಾತನ್ನು ಮಾತ್ರ ಉಳಿಸಿ ಮಿಕ್ಕ ಸದ್ದನ್ನೆಲ್ಲ ಅಳಿಸುವ ವ್ಯವಸ್ಥೆ ಬಂತು. ತಮ್ಮ ಆದೇಶದಲ್ಲಿ ಇದಕ್ಕೆ ಒಂದು ಪೂರ್ತಿ ಪುಟ ಹೊಗಳಿಕೆಯಿದೆ. ‘ಗದ್ದಲರಹಿತ ಕರೆ, ಬಳಕೆದಾರರಿಗೆ ದೊರೆಯುವ ನೇರ ಲಾಭ’ ಎಂದಿದೆ. ಮಿಕ್ಕ ಸದ್ದೆಲ್ಲ ಗದ್ದಲ ಎಂದು ತೀರ್ಮಾನಿಸಿದವರು ಯಾರು? ಪಾಂಡವಪುರದ ತಿಮ್ಮರಾಜು ಹಸುವಿನ ಮೂತಿಗೆ ಫೋನು ಹಿಡಿದು ದನದ ಡಾಕ್ಟರಿಗೆ ಅದರ ಉಸಿರಾಟ ಕೇಳಿಸುತ್ತಿದ್ದರು. ಈಗ ಡಾಕ್ಟರಿಗೆ ತಿಮ್ಮರಾಜು ಮಾತ್ರ ಕೇಳಿಸುತ್ತಾರೆ. ಕಾಯಿಲೆ ಹಸುವಿಗೆ, ತಿಮ್ಮರಾಜುಗಲ್ಲ. ತಮ್ಮ ಕಚೇರಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಕ್ಕಿಲ್ಲ, ಆದ್ದರಿಂದ ಕೆಲಸವೆಂದರೆ ಮಾತು ಎಂದೇ ತಾವು ತಿಳಿದಿರಬಹುದು. ನಮ್ಮಲ್ಲಿ ಕೆಲಸ ಮಾಡುವಾಗ ಯಾರೂ ಅಷ್ಟು ಮಾತಾಡುವುದಿಲ್ಲ.

ಬದಲಾವಣೆಯಾದ ದಿನ ಯಾರೂ ನಮಗೆ ಏನೂ ತಿಳಿಸಲಿಲ್ಲ. ಎಂದಿನಂತೆ ಫೋನು ಇಟ್ಟು ಒಂದು ಮಚ್ಚನ್ನು ತಟ್ಟಿದೆ.

‘ತಟ್ಟವ್ವ’ ಎಂದರು ಅಪ್ಪ.

‘ತಟ್ದೆ ಕಣಪ್ಪ.’

‘ಎಲ್ಲಿ ತಟ್ದೆ? ತಟ್ಟು.’

ಮತ್ತೆ ತಟ್ಟಿದೆ. ಆಮೇಲೆ, ‘ಊಂ, ಆಯ್ತು ಬುಡು. ಚೆಂದಾಗದೆ’ ಎಂದರು. ಅವರ ದನಿ ಬೇರೆಯಾಗಿತ್ತು, ನಾನು ಗಮನಿಸಲಿಲ್ಲ. ಮಾರನೆಯ ದಿನವೂ ಚೆಂದ, ಅದರ ಮಾರನೆಯ ದಿನವೂ ಚೆಂದ. ನನಗೆ ಹೆಮ್ಮೆಯಾಯಿತು, ಮಾನ್ಯರೇ. ಕೊನೆಗೂ ಕೈ ಪಳಗಿತು ಎಂದುಕೊಂಡೆ. ನಾಲ್ಕನೆಯ ದಿನ ಅವರು, ‘ಇನ್ನ್ ನನ್ನ ಕೇಳ್ಬ್ಯಾಡ ಕಣವ್ವ, ನೀನೇ ಕಲ್ತಿದ್ದೀಯೆ’ ಎಂದು ಕರೆ ತೆಗೆದುಕೊಳ್ಳುವುದನ್ನೇ ಬಿಟ್ಟರು. ನಾನು ಅದನ್ನೂ ಮೆಚ್ಚುಗೆ ಎಂದುಕೊಂಡೆ.

ಬದಲಾವಣೆಯಾಗಿ ಮೂರು ವಾರ ಕಳೆಯಿತು. ಪಾಂಡವಪುರದ ಕಡೆ ಕಬ್ಬು ಕಡಿಯುವ ಹೆಂಗಸರ ಗುಂಪಿನ ಮುಂದಾಳು ಚಿಕ್ಕಬೋರಮ್ಮ ನನ್ನ ಕುಲುಮೆಗೆ ಬಂದು, ಸೆರಗಿನಲ್ಲಿ ಸುತ್ತಿ ತಂದಿದ್ದ ಮಚ್ಚನ್ನು ಬಿಚ್ಚಿ ಅಡಿಗಲ್ಲಿನ ಮೇಲಿಟ್ಟರು. ಎರಡು ತುಂಡಾಗಿತ್ತು. ಕಡಿಯುತ್ತಿದ್ದಾಗ ಅಲಗು ಮುರಿದು ಹಾರಿ, ಪಕ್ಕದ ಸಾಲಿನವಳ ಕೆನ್ನೆಯ ಹತ್ತಿರದಿಂದ ಹೋಗಿ ಕಬ್ಬಿನ ಬುಡಕ್ಕೆ ನಾಟಿತ್ತಂತೆ. ಅವರು ಬೈಯಲಿಲ್ಲ. ‘ಇದ ನಿಮ್ಮಪ್ಪ ಕೇಳಿರ್ನಿಲ್ವಾ?’ ಎಂದಷ್ಟೇ ಕೇಳಿದರು. ಅಪ್ಪ ಚೆಂದ ಎಂದಿದ್ದ ಮಚ್ಚೇ ಅದು. ಎರಡೂ ತುಂಡನ್ನು ನಾನು ಎತ್ತಿಟ್ಟುಕೊಂಡೆ.

ಆ ಭಾನುವಾರ ಎರಡು ಬಸ್ಸು ಬದಲಿಸಿ ಕಿಕ್ಕೇರಿಗೆ ಹೋದೆ. ಅಪ್ಪ ಜಗಲಿಯಲ್ಲಿರಲಿಲ್ಲ, ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅರುಣನ ಹೆಂಡತಿ ರಂಜಿತ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: ‘ಮಾವ ದಿನಾ ಒಬ್ರೆ ಕೂತ್ಕಂಡು ಸ್ಟೀಲ್ ಲೋಟ ಬೀಳುಸ್ತಾರೆ ಕಣಕ್ಕ. ಬೀಳ್ಸೋದು, ಕಿವಿ ಕೊಟ್ಟು ಕೇಳೋದು, ಮತ್ತೆ ಎತ್ಕಂಡು ಬೀಳ್ಸೋದು. ಯಾಕೆ ಮಾವ ಅಂದ್ರೆ ಕೈ ತಪ್ತು ಕಣವ್ವ ಅಂತಾರೆ.’

ನಾನು ಮುರಿದ ಮಚ್ಚಿನ ತುಂಡನ್ನು ಅವರ ಕೈಗಿಟ್ಟೆ. ಬೆರಳಲ್ಲಿ ಸವರಿದರು. ಇನ್ನೊಂದು ತುಂಡಿನಿಂದ ಅದನ್ನು ಒಂದು ಸಲ ಮೆಲ್ಲಗೆ ತಟ್ಟಿ, ‘ನೀರಿಗೆ ಬ್ಯಾಗ ಅದ್ಬುಟ್ಟಿದ್ದೀಯೆ’ ಎಂದರು. ಹೌದು, ಅವಸರದಲ್ಲಿ ಅದ್ದಿದ್ದೆ.

‘ಅಪ್ಪ, ನಿಂಗೆ ಕೇಳಿಸ್ತದಾ?’

‘ಇದು ಕೇಳುಸ್ತದೆ. ಲೋಟಾನೂ ಕೇಳುಸ್ತದೆ. ಫೋನಲ್ಲಿ ನೀನ್ ಮಾತಾಡೋದೂ ಕೇಳುಸ್ತದೆ. ನಿನ್ ಸುತ್ಗೆ ಒಂದು ಕೇಳುಸಾಕಿಲ್ಲ. ಕಣ್ಣೂ ಇಂಗೇ ಅಲ್ವಾ ಓಗಿದ್ದು, ಒಂದೊಂದೇ ಒಂದೊಂದೇ. ಕಿವೀನೂ ಅಂಗೇ ಓಯ್ತಾ ಅದೆ ಅಂದ್ಕಂಡೆ. ಏಳುದ್ರೆ ನೀನು ಕುಲುಮೆ ಮುಚ್ಬುಡ್ತೀಯ ಅಂತ ಚೆಂದಾಗದೆ ಅಂದೆ.’

ಆಮೇಲೆ ಅವರು ಅತ್ತರು. ನನ್ನ ತಂದೆ ಕಣ್ಣು ಹೋದಾಗ ಅತ್ತವರಲ್ಲ. ತಾನು ಸುಳ್ಳು ಹೇಳಿದ ಮಚ್ಚು ಒಬ್ಬ ಹೆಂಗಸಿನ ಕೆನ್ನೆಯ ಪಕ್ಕದಲ್ಲೇ ಹಾರಿ ಹೋಯಿತು ಎಂದು ನನ್ನಿಂದ ಕೇಳಿ ಅತ್ತರು. ನಾನೂ ಅತ್ತೆ. ಅರುಣ ಫೋನು ತೆಗೆದುಕೊಂಡು ಒಂದು ಗಂಟೆ ಹುಡುಕಿ ವಿಷಯ ಬಯಲು ಮಾಡಿದ. ಗದ್ದಲ ಅಳಿಸುವ ವ್ಯವಸ್ಥೆಯನ್ನು ಬೇಡ ಎನ್ನಲು ಬಳಕೆದಾರರಿಗೆ ಅವಕಾಶವಿಲ್ಲ ಎಂದು ಕಂಪನಿಯ ಪುಟದಲ್ಲೇ ಬರೆದಿತ್ತು. ನಮ್ಮ ಮೂವರ ತಲೆಗೂ ಅದನ್ನು ಮೊದಲೇ ನೋಡಬೇಕೆಂದು ಹೊಳೆದಿರಲಿಲ್ಲ. ಯಂತ್ರ ಕೆಟ್ಟಿರಬಹುದು ಎನ್ನುವುದಕ್ಕಿಂತ ಮೊದಲು ನಾವು ಕೆಟ್ಟಿದ್ದೇವೆ ಎಂದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ.

ತಮ್ಮಲ್ಲಿಗೆ ದೂರು ತರಲಿಲ್ಲ ಎಂದು ತಾವು ಹೇಳುವ ಹಾಗಿಲ್ಲ. ಶ್ರೀರಂಗಪಟ್ಟಣದ ಒಂದು ಕಲ್ಯಾಣಮಂಟಪದಲ್ಲಿ ತಮ್ಮ ಕಚೇರಿಯವರು ‘ಬಳಕೆದಾರರ ಅಹವಾಲು ದಿನ’ ನಡೆಸಿದಾಗ ನಾನು ಮುರಿದ ಮಚ್ಚು ಸಮೇತ ಹೋಗಿದ್ದೆ. ಬಾಗಿಲಲ್ಲಿ ಮಚ್ಚನ್ನು ಕಸಿದುಕೊಂಡರು. ಅದು ಸರಿಯೇ, ಎರಡು ತುಂಡಾಗಿದ್ದರೂ ಮಚ್ಚು ಮಚ್ಚೇ. ಒಳಗೆ ಕಂಪ್ಯೂಟರಿನ ಮುಂದೆ ಇದ್ದ ದಿಲೀಪ್ ಎಂಬ ನೌಕರರು ತುಂಬ ಸಭ್ಯರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.

‘ಮೇಡಂ, ಕರೆಯಲ್ಲಿ ಗದ್ದಲ ಇದೆ ಅಂತ ದೂರು ಕೊಡೋದಿಕ್ಕೆ ಕಾಲಂ ಇದೆ. ಗದ್ದಲ ಇಲ್ಲ ಅಂತ ದೂರು ಕೊಡೋದಿಕ್ಕೆ ಇಲ್ಲ. ಯಾವುದಕ್ಕೆ ಹಾಕ್ಲಿ?’

ಇತರೆ ಎಂದು ಹಾಕಿ ಎಂದೆ. ಇತರೆ ಎಂಬ ಕಾಲಂ ಇರಲಿಲ್ಲ. ಕೊನೆಗೆ ಅವರು ಪಾಪ, ‘ಕರೆ ಅತಿಯಾಗಿ ಸ್ಪಷ್ಟವಾಗಿದೆ’ ಎಂದು ಸಲಹೆಯ ಪಟ್ಟಿಗೆ ಸೇರಿಸಿಕೊಂಡರು. ಮುಂದಿನ ಆದೇಶದಲ್ಲಿ ಇದನ್ನೂ ಪ್ರಶಂಸೆ ಎಂದು ಎಣಿಸುತ್ತೀರಿ ಎಂಬ ಭಯ ನನಗಿದೆ.

ನಾವು ಹೊಸದನ್ನು ಒಲ್ಲದ ಹಳ್ಳಿಯ ಜನ ಎಂದು ದಯವಿಟ್ಟು ಬರೆದುಕೊಳ್ಳಬೇಡಿ. ಓಗೊಡು ಹೊಸದಾಗಿ ಬಂದಾಗ ಅದನ್ನು ಕಟ್ಟಿದವರೇ ಊಹಿಸದ ಕೆಲಸಕ್ಕೆ ಹಚ್ಚಿದವರು ನಾವು. ಕಣ್ಣಿಲ್ಲದ ಕಮ್ಮಾರನೊಬ್ಬ ನಲವತ್ತು ಕಿಲೋಮೀಟರು ಆಚೆಯಿಂದ ಕಬ್ಬಿಣದ ಹದ ಹೇಳಬಹುದು ಎಂದು ಯಾವ ಕಂಪನಿಗೂ ಹೊಳೆದಿರಲಿಲ್ಲ. ಕೊಳ್ಳುವವರಿಗೆ ದುಡ್ಡಿದೆ, ಕೊಳ್ಳಲಿ. ಕೊಂಡ ಮೇಲೆ ನಮ್ಮ ಕೈಯಲ್ಲಿದ್ದುದನ್ನು ನಮಗೆ ಹೇಳದೆ ಕಿತ್ತುಕೊಂಡು, ಕಿತ್ತುಕೊಂಡದ್ದನ್ನೇ ಲಾಭ ಎಂದು ಕರೆದು, ಆ ಲಾಭಕ್ಕೆ ನಮ್ಮಿಂದಲೇ ಕೈ ಮುಗಿಸಿಕೊಂಡರೆ ಮಾತ್ರ ಸುಮ್ಮನಿರಲಾಗುವುದಿಲ್ಲ. ತಮ್ಮ ಕಚೇರಿ ಇರುವುದೇ ಅಂಥದ್ದನ್ನು ತಡೆಯಲಿಕ್ಕೆ ಎಂದು ನಾನು ಓದಿದ್ದೇನೆ. ತಪ್ಪಾಗಿ ಓದಿದ್ದರೆ ತಿದ್ದಿ.

ನಾಲ್ಕು ತಾಲ್ಲೂಕುಗಳಿಂದ ಈಗ ಆರುನೂರ ಹನ್ನೆರಡು ಮಂದಿಯ ಆಕ್ಷೇಪಣೆ ಈ ಪತ್ರದ ಜೊತೆಗಿದೆ. ಚಿತ್ರ ಒತ್ತಿದ್ದಲ್ಲ, ಎಲ್ಲವೂ ಬರೆದದ್ದು. ಬರೆಯಲು ಬಾರದವರು ಹೇಳಿ ಬರೆಸಿದ್ದಾರೆ. ಜವರಯ್ಯನವರದು ಮೊದಲನೆಯದು, ಚಿಕ್ಕಬೋರಮ್ಮನವರ ಗುಂಪಿನ ಹದಿನಾಲ್ಕೂ ಮಂದಿಯದು ಅದರ ಕೆಳಗಿದೆ.

ಅಪ್ಪ ಈಗ ಮತ್ತೆ ಒಂಬತ್ತಕ್ಕೆ ಜಗಲಿಗೆ ಬಂದು ಕೂರುತ್ತಾರೆ, ಹಟಕ್ಕೆ. ಬೇರೆ ಸೇವೆಗಳನ್ನು ಹುಡುಕಿದೆವು. ಒಂದರಲ್ಲಿ ಅದೇ ಅಳಿಸುವಿಕೆ, ಇನ್ನೊಂದರಲ್ಲಿ ಅಪ್ಪ ಒತ್ತಲಾಗದ ಹತ್ತು ಗುಂಡಿ. ಆದ್ದರಿಂದ ಸದ್ದನ್ನು ನಾನೇ ಬಾಯಲ್ಲಿ ಹೇಳಲು ನೋಡುತ್ತೇನೆ. ಮೊನ್ನೆ ಒಂದು ಕುಡುಗೋಲು ತಟ್ಟಿ, ‘ಠಣ್ ಅಂತು ಕಣಪ್ಪ’ ಎಂದೆ.

‘ಯಾವ ಠಣ್ಣವ್ವ?’ ಎಂದು ಕೇಳಿದರು.

ನಾನು ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ, ಮಾನ್ಯರೇ. ನಾನು ಓದಿದ ಯಾವ ಪುಸ್ತಕದಲ್ಲೂ ಎರಡು ಬಗೆಯ ಠಣ್ ಇರಲಿಲ್ಲ. ಆ ಕುಡುಗೋಲನ್ನು ಯಾರಿಗೂ ಕೊಡದೆ ಮೂಲೆಯಲ್ಲಿಟ್ಟೆ. ಅಲ್ಲಿ ಈಗ ಹೀಗೆ ಇಟ್ಟವು ಮೂವತ್ತಕ್ಕೂ ಮೇಲಿವೆ. ಒಳ್ಳೆಯವು ಯಾವುವು, ಕೆಟ್ಟವು ಯಾವುವು ನನಗೆ ಗೊತ್ತಿಲ್ಲ. ಸುಗ್ಗಿ ಹತ್ತಿರ ಬಂದಿದೆ, ಜನ ದಿನಾ ಬಂದು ಕೇಳಿ ಹೋಗುತ್ತಿದ್ದಾರೆ.

ನಾನು ಕೇಳುವುದು ಇಷ್ಟು. ಮೂವತ್ತೆರಡನೇ ಪುಟದ ಆ ವಾಕ್ಯವನ್ನು ಹೊಡೆದುಹಾಕಿ, ನಮ್ಮ ಅಭಿಪ್ರಾಯವನ್ನು ನಮ್ಮ ಭಾಷೆಯಲ್ಲಿ, ನಮ್ಮ ಮಾತಿನಲ್ಲಿ ಹೊಸದಾಗಿ ಕೇಳಿ. ಸದ್ದನ್ನು ಅಳಿಸಬೇಕೋ ಬೇಡವೋ ಎಂಬುದನ್ನು ಬಳಸುವವರ ಕೈಗೆ ಬಿಡದ ಹೊರತು ಒಪ್ಪಿಗೆ ಇಲ್ಲವೆಂದು ಕಂಪನಿಗೆ ಹದಿನೈದು ದಿನದೊಳಗೆ ಬರೆಯಿರಿ. ಬರೆಯುವ ಮನಸ್ಸಿಲ್ಲದಿದ್ದರೆ ಬೇರೆ ದಾರಿಯೂ ಇದೆ. ಯಾವುದೇ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಗದ್ದಲರಹಿತ ಕರೆಯಲ್ಲಿ ನನ್ನನ್ನು ಸಂಪರ್ಕಿಸಿ. ಎರಡು ಮಚ್ಚು ತಟ್ಟುತ್ತೇನೆ. ಒಂದು ಗಟ್ಟಿಯದು, ಒಂದು ಬಿರುಕಿನದು. ಚೆನ್ನಾಗಿ ಕೇಳಿ, ಗಟ್ಟಿಯದು ಎಂದು ತಮಗೆ ತೋರಿದ್ದನ್ನು ಆರಿಸಿ. ತಾವು ಆರಿಸಿದ ಮಚ್ಚನ್ನು ಚಿಕ್ಕಬೋರಮ್ಮನವರ ಕೈಗೆ ನಾನು ಕೊಡುವುದಿಲ್ಲ. ಅದನ್ನು ತಾವು ಹಿಡಿಯಬೇಕು. ಪಾಂಡವಪುರದ ಗದ್ದೆಯಲ್ಲಿ ತಮಗಾಗಿ ಒಂದು ಸಾಲು ಕಬ್ಬು ಕಡಿಯದೆ ಉಳಿಸಿಟ್ಟಿದ್ದೇವೆ, ಪಕ್ಕದ ಸಾಲಿನಲ್ಲಿ ಕಂಪನಿಯವರು ನಿಲ್ಲಲಿ.

ಇಂತಿ,
ತಮ್ಮ ಉತ್ತರಕ್ಕೆ ಕಾಯುತ್ತ ಬೆಂಕಿ ಆರಿಸಲಾಗದೆ ಕೂತಿರುವ
ಕೀರ್ತನ
ಕಿಕ್ಕೇರಿ ಪುಟ್ಟಸ್ವಾಮಿಯವರ ಮಗಳು, ಇನ್ನೂ ಅರ್ಧ ಕಲಿತ ಕಮ್ಮಾರಳು
ನಾಗಮಂಗಲ